ಬಾಗುವ ಬೆಳಕಿನ ಜಾಡು ಹಿಡಿದ ಇಬ್ನುಲ್ ಹೈಸಮ್



ಗಾಜಿನ ಪಟ್ಟಕದ ಮೂಲಕ, ಅಂದರೆ ಪ್ರಿಸಂ ಮೂಲಕ ಹಾದ ಬಿಸಿಲು ಗೋಡೆಯ ಮೇಲೆ ಬಣ್ಣ ಬಣ್ಣವಾಗಿ ಹರಡುವುದನ್ನು ನೀವು ಶಾಲೆಯಲ್ಲಿ ನೋಡಿರಬಹುದು. ಆಗ ನಮಗೆ ಒಡನೆ ನೆನಪಾಗುವ ಹೆಸರು ನ್ಯೂಟನ್. ಆದರೆ ಬೆಳಕು ಗಾಳಿಯಿಂದ ನೀರಿಗೋ ಗಾಜಿಗೋ ದಾಟುವಾಗ ಏಕೆ ಬಾಗುತ್ತದೆ ಎಂಬ ಪ್ರಶ್ನೆಯನ್ನು ನ್ಯೂಟನ್‌ಗಿಂತ ಆರು ಶತಮಾನಗಳಷ್ಟು ಮೊದಲೇ ಪ್ರಯೋಗಕ್ಕೆ ಒಡ್ಡಿದ ಮಹಾನ್ ವಿದ್ವಾಂಸರೊಬ್ಬರಿದ್ದರು. ಅವರೇ ಅಬೂ ಅಲಿ ಅಲ್ ಹಸನ್ ಇಬ್ನುಲ್ ಹೈಸಮ್. ಯುರೋಪಿನವರು ಅವರನ್ನು ಅಲ್‌ಹಾಜನ್ ಎಂದು ಕರೆದರು.

ಇಬ್ನುಲ್ ಹೈಸಮ್ ಸುಮಾರು ಕ್ರಿ.ಶ. 965ರಲ್ಲಿ ಇರಾಕಿನ ಬಸ್ರಾದಲ್ಲಿ ಜನಿಸಿದರು. ಗಣಿತದಲ್ಲಿ ಅವರಿಗಿದ್ದ ಪಾಂಡಿತ್ಯದ ಕೀರ್ತಿ ಈಜಿಪ್ಟನ್ನು ಆಳುತ್ತಿದ್ದ ಫಾತಿಮಿ ಖಲೀಫ ಅಲ್ ಹಾಕಿಮ್‌ರ ಕಿವಿಗೂ ಬಿತ್ತು. ನೈಲ್ ನದಿಯ ನೀರನ್ನು ಹಿಡಿತಕ್ಕೆ ತರುವ ಕೆಲಸಕ್ಕೆ ಖಲೀಫರು ಅವರನ್ನು ಕರೆಸಿಕೊಂಡರೆಂದು ಹಳೆಯ ಚರಿತ್ರಕಾರರು ಬರೆದಿದ್ದಾರೆ. ಅಸ್ವಾನ್ ಬಳಿ ನದಿಯನ್ನು ಕಣ್ಣಾರೆ ಕಂಡಾಗ, ಅಂದಿನ ಸಾಧನಗಳಿಂದ ಇದು ಆಗದ ಕೆಲಸವೆಂದು ಅವರಿಗೆ ಮನವರಿಕೆಯಾಯಿತು. ಖಲೀಫರ ಕೋಪಕ್ಕೆ ಹೆದರಿದ ಅವರು ಹುಚ್ಚರಂತೆ ನಟಿಸಿದರೆಂದೂ, 1021ರಲ್ಲಿ ಅಲ್ ಹಾಕಿಮ್‌ರ ಆಳ್ವಿಕೆ ಕೊನೆಗೊಳ್ಳುವವರೆಗೆ ಗೃಹಬಂಧನದಲ್ಲಿದ್ದರೆಂದೂ ಅದೇ ಚರಿತ್ರೆ ಹೇಳುತ್ತದೆ. ಆ ಬಳಿಕ ಕೈರೋದಲ್ಲಿ ಅಲ್ ಅಝ್‌ಹರ್ ಮಸೀದಿಯ ಸಮೀಪ ವಾಸವಾಗಿದ್ದು, ಗಣಿತ ಗ್ರಂಥಗಳನ್ನು ನಕಲು ಮಾಡಿಕೊಟ್ಟು ಜೀವನ ಸಾಗಿಸಿದರು.

ಅವರ ಮೇರುಕೃತಿ ಏಳು ಸಂಪುಟಗಳ ‘ಕಿತಾಬುಲ್ ಮನಾಝಿರ್’. ಕಣ್ಣಿನಿಂದ ಕಿರಣಗಳು ಹೊರಟು ವಸ್ತುವನ್ನು ಮುಟ್ಟುವುದರಿಂದ ನಮಗೆ ನೋಟ ದೊರೆಯುತ್ತದೆ ಎಂದು ಯೂಕ್ಲಿಡ್ ಮತ್ತು ಟಾಲೆಮಿ ತಿಳಿದಿದ್ದರು. ಸೂರ್ಯನನ್ನು ನೇರವಾಗಿ ನೋಡಿದರೆ ಕಣ್ಣಿಗೆ ನೋವಾಗುತ್ತದಲ್ಲವೇ? ಹಾಗಾದರೆ ಬೆಳಕು ಹೊರಗಿನಿಂದ ಕಣ್ಣಿಗೆ ಬರುತ್ತದೆ ಎಂದು ಇಬ್ನುಲ್ ಹೈಸಮ್ ವಾದಿಸಿದರು. ಇಂತಹ ಸರಳ ಅನುಭವಗಳ ಜೊತೆಗೆ ಗಣಿತವನ್ನೂ ಪ್ರಯೋಗವನ್ನೂ ಬೆಸೆದದ್ದೇ ಅವರ ಹಿರಿಮೆ.

ಏಳನೆಯ ಸಂಪುಟ ವಕ್ರೀಭವನಕ್ಕೆ ಮೀಸಲು. ಅಂಚಿನಲ್ಲಿ ಅಳತೆಯ ಗೆರೆಗಳಿದ್ದ ಲೋಹದ ತಟ್ಟೆಯನ್ನು ನೀರಿನಲ್ಲಿರಿಸಿ, ಸಣ್ಣ ರಂಧ್ರಗಳ ಮೂಲಕ ಬೆಳಕನ್ನು ಹಾಯಿಸಿ, ಅದು ಎಷ್ಟು ಬಾಗುತ್ತದೆಂದು ಅವರು ಪರೀಕ್ಷಿಸಿದರು. ನೇರವಾಗಿ ಬಿದ್ದ ಬೆಳಕು ಬಾಗದೆ ಸಾಗುತ್ತದೆ; ಓರೆಯಾಗಿ ಬಿದ್ದದ್ದು ಲಂಬದ ಕಡೆಗೆ ಬಾಗುತ್ತದೆ. ದಟ್ಟವಾದ ಮಾಧ್ಯಮದಲ್ಲಿ ಬೆಳಕಿನ ವೇಗ ಕುಂದುವುದೇ ಇದಕ್ಕೆ ಕಾರಣವೆಂದು ಅವರು ಊಹಿಸಿದರು. ಇಂದಿನ ವಿಜ್ಞಾನವೂ ಬೆಳಕಿನ ವೇಗದ ವ್ಯತ್ಯಾಸವನ್ನೇ ಕಾರಣವಾಗಿ ಹೇಳುತ್ತದೆ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಸಾಗುವ ಬೆಳಕು ನೀರಿನಲ್ಲಿ ಸುಮಾರು 2.25 ಲಕ್ಷ, ಗಾಜಿನಲ್ಲಿ ಸುಮಾರು 2 ಲಕ್ಷ ಕಿ.ಮೀ. ಮಾತ್ರ ಸಾಗುತ್ತದೆ.

ಹಾಗೆಂದು ಎಲ್ಲವನ್ನೂ ಅವರೊಬ್ಬರೇ ಕಂಡುಹಿಡಿದರೆಂದು ಹೆಮ್ಮೆಪಡುವುದು ಸರಿಯಲ್ಲ. ಬಾಗುವಿಕೆಯ ನಿಖರವಾದ ಗಣಿತ ನಿಯಮ ಅವರ ಕೈಗೆ ಸಿಗಲಿಲ್ಲ. ಅದಕ್ಕೆ ಸಮಾನವಾದ ಸಂಬಂಧವನ್ನು ಬಗ್ದಾದಿನ ಇಬ್ನ್ ಸಹಲ್ ಸುಮಾರು 984ರಲ್ಲೇ ಬರೆದಿಟ್ಟಿದ್ದರು. ಯುರೋಪಿನಲ್ಲಿ 1621ರಲ್ಲಿ ಸ್ನೆಲ್ ಅದನ್ನು ಸ್ವತಂತ್ರವಾಗಿ ಕಂಡುಕೊಂಡರು. ಬಣ್ಣಗಳ ರಹಸ್ಯವೂ ಮುಂದಿನವರ ಪಾಲಿಗೆ ಉಳಿಯಿತು. ಇಬ್ನುಲ್ ಹೈಸಮ್‌ರ ಗ್ರಂಥವನ್ನು ಅಭ್ಯಾಸ ಮಾಡಿದ ಕಮಾಲುದ್ದೀನ್ ಅಲ್ ಫಾರಿಸಿ, 14ನೇ ಶತಮಾನದ ಆರಂಭದಲ್ಲಿ, ನೀರು ತುಂಬಿದ ಗಾಜಿನ ಗೋಳವನ್ನೇ ಮಳೆಹನಿಯೆಂದು ಭಾವಿಸಿ ಪ್ರಯೋಗ ನಡೆಸಿದರು. ಹನಿಯೊಳಗೆ ಬೆಳಕು ಎರಡು ಬಾರಿ ಬಾಗಿ, ನಡುವೆ ಒಮ್ಮೆ ಪ್ರತಿಫಲಿಸುವುದರಿಂದ ಕಾಮನಬಿಲ್ಲು ಮೂಡುತ್ತದೆಂದು ವಿವರಿಸಿದರು. ಇತ್ತ ಲ್ಯಾಟಿನ್‌ಗೆ ಅನುವಾದಗೊಂಡಿದ್ದ ‘ಕಿತಾಬುಲ್ ಮನಾಝಿರ್’ 1572ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾಯಿತು. ಬಳಿಕ ನ್ಯೂಟನ್ ತಮ್ಮ ಪಟ್ಟಕದ ಪ್ರಯೋಗಗಳಿಂದ, ಬಣ್ಣಗಳನ್ನು ಗಾಜು ಸೃಷ್ಟಿಸುವುದಿಲ್ಲ, ಅವು ಬಿಳಿಯ ಬೆಳಕಿನಲ್ಲೇ ಅಡಗಿವೆ ಎಂದು ತೋರಿಸಿ 1672ರಲ್ಲಿ ಪ್ರಕಟಿಸಿದರು. ಕೆಂಪು ಕಡಿಮೆ ಬಾಗುತ್ತದೆ, ನೇರಳೆ ಹೆಚ್ಚು ಬಾಗುತ್ತದೆ. ಆದ್ದರಿಂದಲೇ ಬಣ್ಣಗಳು ಬೇರೆಬೇರೆಯಾಗಿ ಕಾಣುತ್ತವೆ.

ಇಬ್ನುಲ್ ಹೈಸಮ್ ಸುಮಾರು 1040ರಲ್ಲಿ ಕೈರೋದಲ್ಲಿ ನಿಧನರಾದರು. ಟಾಲೆಮಿಯ ಗ್ರಂಥಗಳನ್ನು ಆಳವಾಗಿ ಅಭ್ಯಸಿಸಿದ ಅವರೇ ಆ ಗ್ರಂಥಗಳಲ್ಲಿನ ದೋಷಗಳನ್ನು ಎತ್ತಿ ತೋರಿಸಲು ಇನ್ನೊಂದು ಗ್ರಂಥ ಬರೆದರು. ಹಿರಿಯರನ್ನು ಗೌರವಿಸುವುದೆಂದರೆ ಅವರ ಮಾತನ್ನು ಬಾಯಿಪಾಠ ಮಾಡುವುದಲ್ಲ, ಪರೀಕ್ಷಿಸಿ ನೋಡುವುದು ಎಂಬ ಪಾಠ ಅವರ ಬದುಕಿನಲ್ಲಿದೆ. ಪರೀಕ್ಷೆಯ ಅಂಕಗಳಿಗಾಗಿ ಮಾತ್ರ ಓದುವ ನಮಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕೇ?

ಇಂದೇ ಮನೆಯಲ್ಲಿ ಒಂದು ಬಟ್ಟಲಿನ ತಳದಲ್ಲಿ ನಾಣ್ಯವಿರಿಸಿ, ಅದು ಅಂಚಿನ ಮರೆಯಲ್ಲಿ ಕಾಣದಾಗುವವರೆಗೆ ಹಿಂದೆ ಸರಿಯಿರಿ. ತಮ್ಮನಿಗೋ ತಂಗಿಗೋ ಹೇಳಿ ಮೆಲ್ಲಗೆ ನೀರು ಹೊಯ್ಯಿಸಿ. ನೀವು ನಿಂತಲ್ಲೇ ಇದ್ದರೂ ನಾಣ್ಯ ಮತ್ತೆ ಕಾಣಿಸುತ್ತದೆ. ಹೇಗೆಂದು ಪಠ್ಯಪುಸ್ತಕ ತೆರೆಯುವ ಮೊದಲು ನೀವೇ ಒಂದು ಚಿತ್ರ ಬರೆದು ಯೋಚಿಸಿರಿ.