ಮೂಸಿಯ ಮಹಾಪೂರ ಮತ್ತು ಸರ್ ಎಂ. ವಿಶ್ವೇಶ್ವರಯ್ಯನವರು

ಕನ್ನಂಬಾಡಿ ಕಟ್ಟೆಯೆಂದೊಡನೆ ಕೀರ್ತಿಶೇಷ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಸ್ಮರಿಸದ ಕನ್ನಡಿಗರಿಲ್ಲ. ಆದರೆ ಪ್ರವಾಹಕ್ಕೆ ತುತ್ತಾದ ಒಂದು ಮಹಾನಗರಕ್ಕೆ ಅವರು ತೋರಿದ ರಕ್ಷಣೆಯ ಮಾರ್ಗವು ಚೆನ್ನೈವಾಸಿಗಳಾದ ನಮಗೆ ಇನ್ನೂ ಹತ್ತಿರದ ವಿಷಯವಾಗಿದೆ.

1861ರ ಸೆಪ್ಟೆಂಬರ್ 15ರಂದು ಮುದ್ದೇನಹಳ್ಳಿಯಲ್ಲಿ ಜನಿಸಿದ ಅವರು ಬಾಲ್ಯದಲ್ಲಿಯೇ ಪಿತೃವಿಯೋಗಕ್ಕೊಳಗಾದರು. ಬೆಂಗಳೂರಿನಲ್ಲಿ ಮನೆಪಾಠ ಹೇಳುತ್ತಲೇ ವ್ಯಾಸಂಗ ಮಾಡಿ, 1881ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಬಿ.ಎ. ಪದವಿಯನ್ನು ಪಡೆದರು. ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ, 1884ರಲ್ಲಿ ಮುಂಬಯಿ ಸರ್ಕಾರದ ಸೇವೆಗೆ ಸೇರಿದರು.

1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿಯು ಉಕ್ಕಿ ಹರಿದು ಸಹಸ್ರಾರು ಜನರನ್ನು ಬಲಿತೆಗೆದುಕೊಂಡಿತು. ಅಫ್ಜಲ್‌ಗಂಜಿನ ಹುಣಿಸೇಮರವೊಂದನ್ನೇರಿ ಸುಮಾರು 150 ಮಂದಿ ಪ್ರಾಣ ಉಳಿಸಿಕೊಂಡರು. ಆಗ ನಿವೃತ್ತರಾಗಿದ್ದ ವಿಶ್ವೇಶ್ವರಯ್ಯನವರು ನಿಜಾಮರ ಸರ್ಕಾರದ ಕರೆಗೆ ಓಗೊಟ್ಟು 1909ರಲ್ಲಿ ಅಲ್ಲಿಗೆ ಬಂದರು. ಬಿದ್ದ ಮನೆಗಳನ್ನು ಕಟ್ಟಿಸಿದರೆ ಸಾಲದು, ನೀರು ಬಂದ ದಾರಿಯನ್ನು ಅರಿಯಬೇಕೆಂದು ಅವರು ನದಿಯ ಮೇಲ್ಭಾಗವನ್ನು ಪರಿಶೀಲಿಸಿದರು. ಅಲ್ಲಿ 221 ಕೆರೆಗಳು ಒಡೆದಿದ್ದವು. ಮೇಲಿನ ಕೆರೆಯ ನೀರು ಕೆಳಗಿನ ಕೆರೆಯ ಏರಿಯನ್ನು ಮುರಿದು, ಮಳೆಯ ನೀರಿನೊಡನೆ ಕೂಡಿ ನಗರದ ಮೇಲೆ ಬಿದ್ದಿತ್ತು.

ನಗರದ ಮೇಲ್ಗಡೆ ಜಲಾಶಯಗಳನ್ನು ಕಟ್ಟಿ, ಪ್ರವಾಹವನ್ನು ತಡೆದು, ನದಿಯ ಪಾತ್ರವು ತಾಳುವಷ್ಟು ನೀರನ್ನೇ ಬಿಡಬೇಕೆಂಬುದು ಅವರ ಯೋಜನೆ. ಅದರಂತೆ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಪೂರ್ಣಗೊಂಡವು. ಕೊಲ್ಲುವ ನೀರು ಕುಡಿಯುವ ನೀರಾಯಿತು. ಆದರೆ ಒಂದು ಎಚ್ಚರಿಕೆ ಬೇಕು: ತುಂಬಿದ ಜಲಾಶಯವು ಪ್ರವಾಹವನ್ನು ತಡೆಯಲಾರದು. ಬರಲಿರುವ ನೀರಿಗೆ ಮೊದಲೇ ಸ್ಥಳ ತೆರವಾಗಿರಬೇಕು.

ಮುಂದೆ ಮೈಸೂರಿನ ಮುಖ್ಯ ಎಂಜಿನಿಯರಾಗಿ, 1912ರಿಂದ 1918ರವರೆಗೆ ದಿವಾನರಾಗಿ ದುಡಿದ ಅವರು 1955ರಲ್ಲಿ ಭಾರತರತ್ನರಾದರು. 1962ರ ಏಪ್ರಿಲ್ 14ರಂದು, ನೂರು ವರ್ಷ ದಾಟಿದ ಸಾರ್ಥಕ ಬಾಳನ್ನು ಮುಗಿಸಿದರು.

2015ರ ಡಿಸೆಂಬರ್ ಮೊದಲ ವಾರದಲ್ಲಿ ಚೆಂಬರಂಬಾಕ್ಕಂ ಕೆರೆ ತುಂಬಿ, ಅಡ್ಯಾರ್ ನದಿಯು ಮನೆಗಳಿಗೆ ನುಗ್ಗಿದುದನ್ನು ನಾವು ಮರೆತಿಲ್ಲ. ಆಗ ಅನ್ನದ ಪೊಟ್ಟಣ ಹಂಚಿದ ಕೈಗಳು ಧನ್ಯವೇ ಸರಿ. ಆದರೆ ಆ ಪೊಟ್ಟಣವು ಒಂದು ಹೊತ್ತಿನ ಹಸಿವನ್ನು ಮಾತ್ರ ನೀಗುತ್ತದೆ. ನಮ್ಮ ಬೀದಿಯ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗಬೇಕು, ಆ ದಾರಿಯನ್ನು ಯಾರು ಮುಚ್ಚಿದ್ದಾರೆ ಎಂಬುದನ್ನು ಮಳೆಗಾಲಕ್ಕೆ ಮುನ್ನವೇ ವಿಚಾರಿಸಿ ತಿಳಿಯುವುದೇ ಆ ಮಹನೀಯರಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ.