ಚೌಗುಲೆಯವರ ಓಟ, ನಮ್ಮ ತಾಟು

ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಗೆ ತಯಾರಿ ನಡೆಸಿದವರಿಗೆ 6 ನಿಮಿಷ 30 ಸೆಕೆಂಡ್ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಗಂಡುಮಕ್ಕಳು ಅಷ್ಟರೊಳಗೆ 1600 ಮೀಟರ್ ಓಡಿ ಮುಗಿಸಬೇಕು. ಒಂದೇ ಒಂದು ಸೆಕೆಂಡ್ ಜಾಸ್ತಿಯಾದರೂ ವರ್ಷವಿಡೀ ಓದಿ ಪಡೆದ ಅಂಕಗಳಿಗೆ ಬೆಲೆಯಿಲ್ಲ.

ನಾನು ಖಾನಾಪುರದವನು. ವಾರದಲ್ಲಿ ಐದು ದಿನ ಮೊದಲ ಬಸ್ಸು ಹಿಡಿದು ಬೆಳಗಾವಿಗೆ ಬಂದು, ಗೆಳೆಯರ ಜೊತೆ ಮೈದಾನದಲ್ಲಿ ಓಡಿ, ಒಂದು ಚಹಾ, ಒಂದು ಬನ್ ಮುಗಿಸಿ ನೇರವಾಗಿ ಗ್ರಂಥಾಲಯಕ್ಕೆ ಹೋಗುತ್ತಿದ್ದೆ. ಊಟ ಮಧ್ಯಾಹ್ನ ಎರಡು ಗಂಟೆಗೆ. ಸೋಮವಾರ ಚೆನ್ನಾಗಿ ಓಡುತ್ತಿದ್ದ ಕಾಲು ಗುರುವಾರ ಬರುವಷ್ಟರಲ್ಲಿ ಕಲ್ಲಾಗಿರುತ್ತಿತ್ತು. 6 ನಿಮಿಷ 40 ಸೆಕೆಂಡಿಗೆ ಇಳಿದಿದ್ದ ಸಮಯ ಮತ್ತೆ 6 ನಿಮಿಷ 55 ಸೆಕೆಂಡಿಗೆ ಏರಿತು. ಶ್ರಮ ಸಾಲದೆಂದು ಇನ್ನೂ ಹೆಚ್ಚು ಓಡಿದೆ, ಕಾಲು ಇನ್ನಷ್ಟು ಬಿಗಿಯಿತು. ಪ್ರೋಟೀನ್ ಪುಡಿ ತಗೋ ಎಂದು ಗೆಳೆಯನೊಬ್ಬ ಹೇಳಿದ. ಡಬ್ಬದ ಬೆಲೆ ಕೇಳಿ ಸುಮ್ಮನಾದೆ.

ಆ ದಿನಗಳಲ್ಲೇ ಸಾಮಾನ್ಯ ಜ್ಞಾನದ ಓದಿನ ನಡುವೆ ಒಂದು ಪ್ರಶ್ನೆ ಸಿಕ್ಕಿತು. ಭಾರತ ಮೊದಲ ಬಾರಿಗೆ ತಂಡ ಕಳಿಸಿದ್ದು ಯಾವ ಒಲಿಂಪಿಕ್ಸಿಗೆ? ಉತ್ತರ, 1920ರ ಆಂಟ್‌ವರ್ಪ್. ತಂಡದಲ್ಲಿ ಯಾರಿದ್ದರು ಎಂದು ಹುಡುಕುತ್ತಾ ಹೋದಾಗ ಸಿಕ್ಕ ಹೆಸರು ಫಡೆಪ್ಪ ದರೆಪ್ಪ ಚೌಗುಲೆ. ಊರು ಬೆಳಗಾವಿ. ಯಾವ ಊರಿನ ಮಣ್ಣಿನಲ್ಲಿ ನಾನು ದಿನವೂ ಏದುಸಿರು ಬಿಡುತ್ತಿದ್ದೆನೋ ಅದೇ ಊರಿನ ಒಬ್ಬರು ನೂರು ವರ್ಷಕ್ಕೂ ಹಿಂದೆ ಒಲಿಂಪಿಕ್ ಮ್ಯಾರಥಾನ್ ಓಡಿದ್ದರು. ನನಗೆ ಅವರ ಹೆಸರೂ ಗೊತ್ತಿರಲಿಲ್ಲ.

ಅವರ ಕಥೆ ಒಲಿಂಪಿಕ್ಸಿನ ದಾರಿ ಹಿಡಿದಿದ್ದು ಪುಣೆಯಲ್ಲಿ. ಅಲ್ಲಿನ ಡೆಕ್ಕನ್ ಜಿಮ್ಖಾನಾ 1919ರಲ್ಲಿ ಕ್ರೀಡಾಕೂಟ ನಡೆಸಿತು. ಅದರ ಅಧ್ಯಕ್ಷರು ಜಮ್‌ಶೆಟ್‌ಜಿ ಟಾಟಾ ಅವರ ಹಿರಿಯ ಮಗ ದೊರಾಬ್ಜಿ ಟಾಟಾ. ಮುಂಬೈ ಗವರ್ನರ್ ಜಾರ್ಜ್ ಲಾಯ್ಡ್ ಕೂಡ ಬಂದಿದ್ದರು. ಮೈದಾನ ಚಿಕ್ಕದು, ನೆಲ ಒರಟು, ಯುರೋಪಿನ ನಿಯಮಗಳ ಪರಿಚಯ ಯಾರಿಗೂ ಇಲ್ಲ. ಕೂಟದ ದೊಡ್ಡ ಆಕರ್ಷಣೆ ಸುಮಾರು 25 ಮೈಲಿಯ ಓಟ. ಓಡಿದವರು ಗಟ್ಟಿ ರಸ್ತೆಯ ಮೇಲೆ ಬರಿಗಾಲಲ್ಲಿ ಓಡಿ ರೂಢಿಯಿದ್ದ ರೈತಾಪಿ ಹುಡುಗರು. ಹಾಗಿದ್ದೂ ಮೊದಲು ಬಂದ ಮೂರ್ನಾಲ್ಕು ಜನರ ಸಮಯ ನೋಡಿ ಟಾಟಾ ಬೆರಗಾದರು. ಯುರೋಪಿನ ಓಟಗಾರರ ಪಕ್ಕದಲ್ಲಿ ಇಟ್ಟು ನೋಡುವಂಥ ಸಮಯವದು.

ಹತ್ತು ವರ್ಷಗಳ ನಂತರ, 1929ರಲ್ಲಿ, ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಿಗೆ ಬರೆದ ಪತ್ರದಲ್ಲಿ ಟಾಟಾ ಈ ದಿನವನ್ನು ನೆನೆದಿದ್ದಾರೆ. ಆ ಹುಡುಗರು ಹೊಲದಲ್ಲಿ ದುಡಿಯುವವರು, ಬಡ ಊಟದ ಮೇಲೆ ಬದುಕುವವರು ಎಂದು ಅವರು ಗಮನಿಸಿದ್ದರು. ಅವರಲ್ಲಿ ಮೂವರನ್ನು ಆಂಟ್‌ವರ್ಪಿಗೆ ಕಳಿಸಲು ತಾವೇ ಮುಂದಾಗಿದ್ದರು. ಸರಿಯಾದ ತರಬೇತಿ, ಸರಿಯಾದ ಆಹಾರ ಎರಡೂ ಸಿಕ್ಕರೆ ಇವರು ದೇಶಕ್ಕೆ ಹೆಸರು ತರುತ್ತಾರೆ ಎಂಬುದು ಅವರ ನಂಬಿಕೆ.

ಈ ಮಾತನ್ನು ನಾನು ಎರಡೆರಡು ಸಲ ಓದಿದೆ. ಹುಡುಗರಲ್ಲಿ ಛಲ ಕಡಿಮೆ ಎಂದು ಅವರಿಗೆ ಅನಿಸಲೇ ಇಲ್ಲ. ಕೊರತೆ ಎರಡು ಕಡೆ ಕಂಡಿತು, ತರಬೇತಿಯಲ್ಲಿ ಮತ್ತು ತಾಟಿನಲ್ಲಿ. ನಾನು ನನ್ನ ಕಾಲುಗಳನ್ನೇ ಬೈಯುತ್ತಿದ್ದೆ, ತಾಟಿನ ಕಡೆ ತಿರುಗಿಯೂ ನೋಡಿರಲಿಲ್ಲ.

ಪುಣೆಯಲ್ಲಿ ಆಯ್ಕೆ ನಡೆದು ಚೌಗುಲೆಯವರ ಜೊತೆ ಓಟಗಾರರಾದ ದಾತಾರ, ಕೈಕಾಡಿ, ಬಂಗಾಳದ ಪೂರ್ಮಾ ಬ್ಯಾನರ್ಜಿ, ಕುಸ್ತಿಪಟುಗಳಾದ ಕುಮಾರ್ ನವಲೆ ಮತ್ತು ರಣಧೀರ್ ಶಿಂದೆ ತಂಡದಲ್ಲಿ ಸೇರಿದರು. ಒಟ್ಟು ಆರು ಜನ. ಖರ್ಚಿನ ಹೊರೆಗೆ ಟಾಟಾ ಹೆಗಲು ಕೊಟ್ಟರು. ಮುಂಬೈಯಿಂದ ಹಡಗು, ಇಂಗ್ಲೆಂಡಿನಲ್ಲಿ ಕೆಲವು ವಾರಗಳ ತರಬೇತಿ, ಅಲ್ಲಿಂದ ಬೆಲ್ಜಿಯಂ. ಮೊದಲ ಮಹಾಯುದ್ಧದಲ್ಲಿ ನಲುಗಿದ ದೇಶ ಅದು. ಯುದ್ಧ ಮುಗಿದು ಎರಡು ವರ್ಷವೂ ಆಗಿರಲಿಲ್ಲ.

1920ರ ಆಗಸ್ಟ್ 22ರಂದು ಮ್ಯಾರಥಾನ್ ನಡೆಯಿತು. ಇಂದು ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್. ಆಂಟ್‌ವರ್ಪಿನಲ್ಲಿ ದೂರ 42.75 ಕಿಲೋಮೀಟರ್ ಇತ್ತು. ಒಲಿಂಪಿಕ್ ಇತಿಹಾಸದಲ್ಲೇ ಅತಿ ಉದ್ದದ ಮ್ಯಾರಥಾನ್ ಅದು. ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್ 2 ಗಂಟೆ 32 ನಿಮಿಷ 35.8 ಸೆಕೆಂಡಿನಲ್ಲಿ ಗೆದ್ದರು. ಬೆಳಗಾವಿಯ ಚೌಗುಲೆ 2 ಗಂಟೆ 50 ನಿಮಿಷ 45.4 ಸೆಕೆಂಡಿನಲ್ಲಿ 19ನೆಯವರಾಗಿ ಗುರಿ ಮುಟ್ಟಿದರು. ಪದಕವಿಲ್ಲ. ಕುಸ್ತಿಯಲ್ಲಿ ರಣಧೀರ್ ಶಿಂದೆ ನಾಲ್ಕನೆಯವರಾಗಿ ಕಂಚನ್ನು ಕೂದಲೆಳೆಯಲ್ಲಿ ಕಳೆದುಕೊಂಡರು.

19ನೇ ಸ್ಥಾನ ಎಂದು ಓದಿ ಮುಂದೆ ಹೋಗುವುದು ಸುಲಭ. ನಾನು ಪೆನ್ನು ಹಿಡಿದು ಲೆಕ್ಕ ಹಾಕಿದೆ. ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರ್. ಅಂದರೆ ಚೌಗುಲೆಯವರ ಓಟ ಬೆಳಗಾವಿಯಿಂದ ಹೊರಟು, ನಮ್ಮ ಖಾನಾಪುರ ಮುಟ್ಟಿ, ತಿರುಗಿ ಹೆಚ್ಚುಕಡಿಮೆ ಮಚ್ಛೆಯವರೆಗೆ ಬಂದಷ್ಟು. ಕಿಲೋಮೀಟರಿಗೆ ಸರಾಸರಿ 4 ನಿಮಿಷ. ಆ ವೇಗದಲ್ಲಿ 1600 ಮೀಟರಿಗೆ 6 ನಿಮಿಷ 23 ಸೆಕೆಂಡ್. ನಾವು ಒಂದು ಸಲ ಓಡಿ ನೆಲಕ್ಕೆ ಕುಸಿಯುವ ಓಟವನ್ನು ಅವರು ನಿಲ್ಲದೆ ಸುಮಾರು 27 ಸಲ ಓಡಿದ್ದರು!

ಅಂಥ ಓಟ ಮುಗಿದಾಗ ಮೈಯೊಳಗೆ ಏನು ಉಳಿದಿರುತ್ತದೆ? ನಾವು ತಿನ್ನುವ ರೊಟ್ಟಿ, ಅನ್ನದ ಪಿಷ್ಟ ಗ್ಲೂಕೋಸ್ ಆಗಿ, ಗ್ಲೈಕೋಜನ್ ಎಂಬ ರೂಪದಲ್ಲಿ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಸಾಮಾನ್ಯ ಮೈಕಟ್ಟಿನವರಲ್ಲಿ ಈ ದಾಸ್ತಾನು 400ರಿಂದ 500 ಗ್ರಾಂ, ಅಂದರೆ 1600ರಿಂದ 2000 ಕ್ಯಾಲರಿ. ಒಂದು ಕಿಲೋಮೀಟರ್ ಓಡಲು ದೇಹದ ತೂಕದ ಪ್ರತಿ ಕೆಜಿಗೆ ಸುಮಾರು 1 ಕ್ಯಾಲರಿ ಬೇಕು. 60 ಕೆಜಿ ತೂಕದವರು 42.75 ಕಿಲೋಮೀಟರ್ ಓಡಿದರೆ ಸುಮಾರು 2500 ಕ್ಯಾಲರಿ ಖರ್ಚು. ಕೊಬ್ಬೂ ಉರಿದು ನೆರವಾಗುತ್ತದೆ. ಆದರೆ ಗ್ಲೈಕೋಜನ್ ತಳ ಕಂಡಾಗ ಕಾಲು ಭಾರವಾಗಿ ವೇಗ ತಾನಾಗಿಯೇ ಬೀಳುತ್ತದೆ. ಜೊತೆಗೆ ಸ್ನಾಯುವಿನ ಎಳೆಗಳಲ್ಲಿ ಸಣ್ಣ ಸಣ್ಣ ಹರಿತಗಳಾಗಿರುತ್ತವೆ, ಬೆವರಿನಲ್ಲಿ ನೀರು, ಉಪ್ಪು ಹೋಗಿರುತ್ತದೆ. ಓಟದ ನಂತರದ ಊಟಕ್ಕೆ ಇರುವುದು ಮೂರೇ ಕೆಲಸ. ದಾಸ್ತಾನು ತುಂಬುವುದು, ಹರಿದದ್ದನ್ನು ಹೊಲಿಯುವುದು, ನೀರು ಉಪ್ಪು ಮರಳಿಸುವುದು.

ನಾವು ಮ್ಯಾರಥಾನ್ ಓಡುವುದಿಲ್ಲ ನಿಜ. ಬರೀ 1600 ಮೀಟರಿಗೆ ನೂರು ಕ್ಯಾಲರಿಯೂ ಸಾಕು. ಆದರೆ ತಯಾರಿ ಎಂದರೆ ಎಂಟು ಹತ್ತು ಕಿಲೋಮೀಟರ್, ನಡುವೆ ಜೋರಾದ ಸುತ್ತುಗಳು, ಮರುದಿನ ಮತ್ತೆ ಅದೇ. ಜೋರಾಗಿ ಓಡಿದಷ್ಟೂ ಗ್ಲೈಕೋಜನ್ ಬೇಗ ಕರಗುತ್ತದೆ. ಅದು ಪೂರ್ತಿ ತುಂಬಿಕೊಳ್ಳಲು ಚೆನ್ನಾಗಿ ತಿಂದರೂ ಒಂದು ದಿನದವರೆಗೆ ಹಿಡಿಯುತ್ತದೆ. ಓಟ ಮುಗಿದ ಮೊದಲ ಒಂದೆರಡು ಗಂಟೆ ಸ್ನಾಯುಗಳು ಸಕ್ಕರೆಯನ್ನು ಬೇಗ ಒಳಗೆಳೆದುಕೊಳ್ಳುತ್ತವೆ. ಆ ಹೊತ್ತಿನಲ್ಲಿ ನಾನು ಚಹಾ ಕುಡಿದು ಗ್ರಂಥಾಲಯದಲ್ಲಿ ಕೂರುತ್ತಿದ್ದೆ. ಸೋಮವಾರದ ಸಾಲ ಮಂಗಳವಾರಕ್ಕೆ, ಮಂಗಳವಾರದ್ದು ಬುಧವಾರಕ್ಕೆ ಸೇರಿ ಗುರುವಾರ ಕಾಲು ಕಲ್ಲಾಗುತ್ತಿತ್ತು.

ಈಗ ಡಬ್ಬಿಯಲ್ಲಿ ಬುತ್ತಿ ತರುತ್ತೇನೆ. ಕಠಿಣ ಓಟದ ಬಳಿಕ ದೇಹದ ಪ್ರತಿ ಕೆಜಿಗೆ 1 ಗ್ರಾಂ ಪಿಷ್ಟ ಅಥವಾ ಸಕ್ಕರೆ ಅಂಶ ಒಳ್ಳೆಯ ಆರಂಭ. 60 ಕೆಜಿಯವರಿಗೆ 60 ಗ್ರಾಂ. ಎರಡು ಬಾಳೆಹಣ್ಣು, ಒಂದು ತುಂಡು ಬೆಲ್ಲದಲ್ಲಿ ಹೆಚ್ಚುಕಡಿಮೆ ಅಷ್ಟು ಸಿಗುತ್ತದೆ. ಒಂದು ತಾಟು ಅವಲಕ್ಕಿಯಲ್ಲೂ ಸಿಗುತ್ತದೆ. ಅದರ ಜೊತೆ 20 ಗ್ರಾಂ ಪ್ರೋಟೀನ್ ಬೇಕು. ಒಂದು ತತ್ತಿಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6ರಿಂದ 7 ಗ್ರಾಂ. ಎರಡು ತತ್ತಿ, ಒಂದು ಲೋಟ ಹಾಲು ಎಂದರೆ ಕೆಲಸ ಮುಗಿಯಿತು. ತತ್ತಿ ತಿನ್ನದವರಿಗೆ ಅವ್ವ ಮಾಡುವ ಮಡಕಿ ಕಾಳಿನ ಉಸುಳಿ ಇದೆ. 50 ಗ್ರಾಂ ಒಣ ಕಾಳಿನಲ್ಲಿ 11 ಗ್ರಾಂನಷ್ಟು, ಮೇಲೊಂದು ಮುಷ್ಟಿ ಪುಟಾಣಿಯಲ್ಲಿ 6 ಗ್ರಾಂ, ಜೊತೆಗೆ ಹಾಲು ಇಲ್ಲವೇ ಮೊಸರು. ಪುಡಿಯ ಡಬ್ಬದಲ್ಲಿ ಇರುವುದೂ ಬಹುತೇಕ ಹಾಲಿನ ಪ್ರೋಟೀನೇ. ದುಡ್ಡಿದ್ದವರು ಕೊಳ್ಳಲಿ, ಇಲ್ಲದವರು ಕೀಳರಿಮೆ ಪಡಬೇಕಾಗಿಲ್ಲ.

ಶೇಂಗಾ ಒಳ್ಳೆಯದೇ, ಆದರೆ ಎಣ್ಣೆಯಂಶ ಜಾಸ್ತಿ. ಓಡಿದ ಕೂಡಲೇ ಮುಷ್ಟಿಗಟ್ಟಲೆ ತಿಂದರೆ ಹೊಟ್ಟೆ ಭಾರವಾಗುತ್ತದೆ. ಶೇಂಗಾ ಚಟ್ನಿಯನ್ನು ಮಧ್ಯಾಹ್ನ ರೊಟ್ಟಿಯ ಜೊತೆ ತಿನ್ನುತ್ತೇನೆ. ಚಹಾ ಬಿಟ್ಟಿಲ್ಲ. ಊಟದ ಬದಲು ಚಹಾ ಕುಡಿಯುವುದನ್ನು ಬಿಟ್ಟಿದ್ದೇನೆ. ಊಟದ ಜೊತೆಗೇ ಚಹಾ ಕುಡಿದರೆ ಕಾಳು, ಸೊಪ್ಪಿನ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದು ಗಂಟೆ ಅಂತರವಿರಲಿ, ಉಸುಳಿಗೆ ಲಿಂಬೆಹಣ್ಣು ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಹತ್ತುತ್ತದೆ. ರಕ್ತಹೀನತೆ ಹೆಚ್ಚು ಕಾಡುವ ಹೆಣ್ಣುಮಕ್ಕಳು, ಅದರಲ್ಲೂ ಮೈದಾನಕ್ಕೆ ಇಳಿಯುವವರು, ಇದನ್ನು ಮರೆಯಬಾರದು.

ನೀರಿನ ಲೆಕ್ಕವೂ ಕಷ್ಟವಲ್ಲ. ಓಟದ ಮೊದಲು, ನಂತರ ತೂಕ ನೋಡಿದರೆ ಇಳಿದದ್ದು ಬಹುತೇಕ ಬೆವರೇ. ಒಂದು ಕೆಜಿ ಇಳಿದಿದ್ದರೆ ಮುಂದಿನ ಕೆಲವು ಗಂಟೆಗಳಲ್ಲಿ ಒಂದೂಕಾಲರಿಂದ ಒಂದೂವರೆ ಲೀಟರ್ ಕುಡಿಯಬೇಕು. ಅದರಲ್ಲಿ ಒಂದು ಪಾಲು ಉಪ್ಪು ಹಾಕಿದ ಮಜ್ಜಿಗೆಯಾದರೆ ಬಲು ಒಳ್ಳೆಯದು. ಉಪ್ಪಿಲ್ಲದೆ ಬರೀ ನೀರನ್ನೇ ಸುರಿದುಕೊಂಡರೆ ಅದು ಮೈಯಲ್ಲಿ ನಿಲ್ಲದೆ ಹೊರಟುಹೋಗುತ್ತದೆ. ಅತಿಯಾಗಿ ಕಸರತ್ತು ಮಾಡಿದ ಮೇಲೆ ಮೂತ್ರ ಕಡುಗಂದು ಬಣ್ಣಕ್ಕೆ ತಿರುಗಿದರೆ ಮನೆಮದ್ದು ಮಾಡುತ್ತ ಕೂರಬೇಡಿ, ಆ ದಿನವೇ ವೈದ್ಯರನ್ನು ಕಾಣಿ.

ಚೌಗುಲೆಯವರ ಓಟದಿಂದ ಬೆಳೆದದ್ದು ಅವರ ಹೆಸರಿಗಿಂತ ದೊಡ್ಡದು. 1924ರಲ್ಲಿ ಪ್ಯಾರಿಸ್ಸಿಗೆ ಭಾರತದ ತಂಡ ಮತ್ತೆ ಹೋಯಿತು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿತು, ದೊರಾಬ್ಜಿ ಟಾಟಾ ಮೊದಲ ಅಧ್ಯಕ್ಷರಾದರು. 1928ರಿಂದ ಹಾಕಿಯ ಚಿನ್ನಗಳು ಬಂದವು. ಗೆದ್ದವರ ಹೆಸರು ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ ಉಳಿಯಿತು. ಮೊದಲ ಬಾಗಿಲು ತೆರೆದ ಆರು ಜನರಲ್ಲಿ ಒಬ್ಬರು ಬೆಳಗಾವಿಯವರು ಎಂಬುದು ಬೆಳಗಾವಿಯ ಮೈದಾನದಲ್ಲಿ ಓಡುವ ನಮಗೇ ಗೊತ್ತಿರಲಿಲ್ಲ.

ಪುಣೆಯ ಆ ಮೈದಾನದಲ್ಲಿ ಓಡಿದ ಹುಡುಗರ ತಾಟು ತುಂಬಿದ್ದರೆ ಕಥೆ ಹೇಗಿರುತ್ತಿತ್ತು ಎಂದು ಕೆಲವು ಸಲ ಯೋಚಿಸುತ್ತೇನೆ. ಓಡುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ, ಹೊಟ್ಟೆಗೆ ಸಿಗುವುದು ಅವರ ಕೈಯಲ್ಲಿರಲಿಲ್ಲ. ನಮ್ಮಲ್ಲಿ ಬಹಳಷ್ಟು ಜನರಿಗೆ ಅದು ಇಂದು ಕೈಯಳತೆಯಲ್ಲಿದೆ. ಮನೆಯ ಉಸುಳಿಯನ್ನು ಡಬ್ಬಿಗೆ ಹಾಕಿಕೊಂಡು ಬರಲು ನಾಚಿಕೊಂಡು ನಾವೇ ಕೈಬಿಡುತ್ತಿದ್ದೇವೆ.

ನನ್ನ ಸಮಯ ಈಗ 6 ನಿಮಿಷ 28 ಸೆಕೆಂಡ್. ಮುಂದಿನ ನೇಮಕಾತಿಯಲ್ಲಿ ಏನಾಗುತ್ತದೋ, ಮುಂದಿನ ಮಾತು. ಗುರುವಾರ ಮಾತ್ರ ಕಾಲು ಕಾಲಾಗಿಯೇ ಇರುತ್ತದೆ. ಸಂಜೆ ಊರಿಗೆ ಮರಳುವ ಬಸ್ಸು ಮಚ್ಛೆ ದಾಟುವಾಗ ಕಿಟಕಿಯಿಂದ ರಸ್ತೆ ನೋಡುತ್ತೇನೆ. ಖಾನಾಪುರದವರೆಗೆ ಹೋಗಿ ಇಲ್ಲಿಯವರೆಗೆ ಮರಳಿ ಓಡುವಷ್ಟು ದೂರವನ್ನು ಒಬ್ಬರು ನನಗಿಂತ ವೇಗವಾಗಿ ಓಡಿದ್ದರು. ಮಡಿಲಲ್ಲಿ ಖಾಲಿಯಾದ ಡಬ್ಬಿ ಇರುತ್ತದೆ.