ಹಿಮದ ಹರಳುಗಳ ಹಿಂದೆ ಬಿದ್ದ ರೈತ: ವಿಲ್ಸನ್ ಬೆಂಟ್ಲಿ

ವಿಲ್ಸನ್ ಆಲ್ವಿನ್ ಬೆಂಟ್ಲಿಯವರು 1865ರ ಫೆಬ್ರವರಿ 9ರಂದು ಅಮೆರಿಕದ ವರ್ಮಾಂಟ್ ರಾಜ್ಯದ ಜೆರಿಕೊ ಎಂಬ ಊರಿನಲ್ಲಿ, ರೈತರ ಮನೆಯಲ್ಲಿ ಹುಟ್ಟಿದರು. ಚಳಿಗಾಲವಿಡೀ ಹಿಮ ಬೀಳುವ ಊರು ಅದು. ತಾಯಿ ಹಿಂದೆ ಶಾಲಾ ಶಿಕ್ಷಕಿಯಾಗಿದ್ದವರು. ಮಗನ ಓದು ಹೆಚ್ಚಾಗಿ ಮನೆಯಲ್ಲಿ, ಅವರ ಹತ್ತಿರವೇ ನಡೆಯಿತು. ಅವರ ಬಳಿ ಹಳೆಯದೊಂದು ಸೂಕ್ಷ್ಮದರ್ಶಕವಿತ್ತು. ಬೆಂಟ್ಲಿಯವರಿಗೆ 15 ವರ್ಷವಾದಾಗ ಅದು ಅವರ ಕೈಗೆ ಬಂತು.

ಹೂವಿನ ಎಸಳು, ಕಲ್ಲಿನ ಚೂರು, ಹಕ್ಕಿಯ ಗರಿ ಎಲ್ಲವನ್ನೂ ನೋಡಿದರು. ಮನಸ್ಸು ನಿಂತದ್ದು ಹಿಮದ ಹರಳಿನ ಮೇಲೆ. ಆರು ಕವಲಿನ ಆ ಹರಳುಗಳನ್ನು ಚಿತ್ರ ಬರೆದು ಉಳಿಸಿಕೊಳ್ಳಲು ಹೊರಟರು. ಆದರೆ ಚಿತ್ರ ಮುಗಿಯುವ ಮೊದಲೇ ಹರಳು ಕರಗಿ ನೀರಾಗುತ್ತಿತ್ತು.

ಇದಕ್ಕೆ ಕ್ಯಾಮೆರಾ ಒಂದೇ ದಾರಿ ಎಂದು ಅವರಿಗೆ ತೋರಿತು. ಬೆಲೆ ಸುಮಾರು 100 ಡಾಲರ್, ಹಸು ಸಾಕಿ ಬದುಕುವ ಮನೆಗೆ ದೊಡ್ಡ ಹಣ. ಹಿಮದ ಚಿತ್ರ ತೆಗೆಯುವುದು ತಂದೆಗೆ ಹುಚ್ಚಾಟವಾಗಿ ಕಂಡರೂ ಕೊನೆಗೆ ಕೊಡಿಸಿದರು. ಹಾರ್ಮೋನಿಯಂನ ತಿದಿಯಂತೆ ಹಿಗ್ಗಿ ಕುಗ್ಗುವ ಕ್ಯಾಮೆರಾ ಅದು. ಬೆಂಟ್ಲಿಯವರು ಸೂಕ್ಷ್ಮದರ್ಶಕವನ್ನು ಅಡ್ಡಲಾಗಿ ಮಲಗಿಸಿ, ಹಿಂದೆ ಈ ಕ್ಯಾಮೆರಾ ಜೋಡಿಸಿ, ಎರಡನ್ನೂ ಕಿಟಕಿಯ ಬೆಳಕಿಗೆ ಮುಖಮಾಡಿ ಇಟ್ಟರು.

ದ್ಯುತಿಶಾಸ್ತ್ರದ ಪಾಠ ಓದಿದವರಿಗೆ ಇಲ್ಲಿನ ತೊಡಕು ಗೊತ್ತಾದೀತು. ಬಿಂಬ ದೊಡ್ಡದಾಗಬೇಕಾದರೆ ಫಲಕವನ್ನು ಮಸೂರದಿಂದ ದೂರ ಸರಿಸಬೇಕು. ಆಗ ಅಷ್ಟೇ ಬೆಳಕು ಅಗಲವಾದ ಜಾಗಕ್ಕೆ ಹರಡಿ ಬಿಂಬ ಮಂಕಾಗುತ್ತದೆ. ಅಂಚು ಸ್ಪಷ್ಟವಾಗಲೆಂದು ಬೆಳಕು ಬರುವ ರಂಧ್ರವನ್ನು ಕಿರಿದು ಮಾಡಿದರೆ ಇನ್ನಷ್ಟು ಮಂಕು. ಹಾಗಾಗಿ ಒಂದೊಂದು ಚಿತ್ರಕ್ಕೂ ಹಲವು ಸೆಕೆಂಡು ಬೆಳಕು ಬಿಡಬೇಕು, ಅಷ್ಟು ಹೊತ್ತೂ ಹರಳು ಕರಗದೆ ಇರಬೇಕು. ಫೋಕಸ್ ತಿರುಪು ಕೈಗೆ ಎಟುಕದಷ್ಟು ಮುಂದಿತ್ತು. ಅದಕ್ಕೆ ಚಕ್ರ ಮತ್ತು ದಾರ ಕಟ್ಟಿ, ಹಿಂದೆ ನಿಂತೇ ತಿರುಗಿಸುವಂತೆ ಮಾಡಿಕೊಂಡರು.

ಕೆಲಸವೆಲ್ಲ ಬೆಂಕಿಯಿಲ್ಲದ ಕೊಟ್ಟಿಗೆಯಲ್ಲಿ. ಕಪ್ಪು ಹಲಗೆಯ ಮೇಲೆ ಬೀಳುವ ಹಿಮವನ್ನು ಹಿಡಿದು, ಒಳ್ಳೆಯ ಹರಳೊಂದನ್ನು ಕಡ್ಡಿಯಿಂದ ಎತ್ತಿ ಗಾಜಿನ ಮೇಲಿಟ್ಟು, ಹಕ್ಕಿಯ ಗರಿಯಿಂದ ಮೆಲ್ಲಗೆ ಒತ್ತುತ್ತಿದ್ದರು. ಉಸಿರು ತಾಗಿದರೂ ಕರಗುವ ವಸ್ತು, ಉಸಿರು ಬಿಗಿಹಿಡಿದೇ ಇದೆಲ್ಲ. ಎಷ್ಟೋ ಫಲಕಗಳು ಹಾಳಾದವು. 1885ರ ಜನವರಿ 15ರಂದು ಮೊದಲ ಹರಳು ಸ್ಪಷ್ಟವಾಗಿ ಮೂಡಿತು. ಆಗ ಅವರಿಗೆ 19 ವರ್ಷ, ನಮ್ಮ ಹಿರಿಯ ವಿದ್ಯಾರ್ಥಿಗಳಿಗಿಂತ ಒಂದೆರಡು ವರ್ಷ ಮಾತ್ರ ದೊಡ್ಡವರು.

ಅಲ್ಲಿಂದ ಜೀವನಪೂರ್ತಿ ಅದೇ ಕ್ಯಾಮೆರಾ. ತೆಗೆದ ಚಿತ್ರಗಳು 5000ಕ್ಕೂ ಹೆಚ್ಚು. ಹೊಲ, ಹಸು ಬಿಡಲಿಲ್ಲ, ಮದುವೆಯಾಗಲಿಲ್ಲ. ಗಾಜಿನ ಸ್ಲೈಡುಗಳನ್ನು 5 ಸೆಂಟಿಗೊಂದರಂತೆ ಮಾರಿದರು. ಊರಿನವರಿಗೆ ಅವರದು ವಿಚಿತ್ರ ಖಯಾಲಿ. ಮಳೆಗಾಲದ ನಾಡಿನವರಾದ ನಮಗೆ ಅವರ ಇನ್ನೊಂದು ಪ್ರಯೋಗ ಹೆಚ್ಚು ಹತ್ತಿರದ್ದು. ತಟ್ಟೆಯಲ್ಲಿ ಜರಡಿ ಹಿಡಿದ ಹಿಟ್ಟು ಹರಡಿ, ಕೆಲವು ಸೆಕೆಂಡು ಮಳೆಗೆ ಒಡ್ಡಿ, ಹನಿ ಬಿದ್ದಲ್ಲಿ ಕಟ್ಟಿದ ಹಿಟ್ಟಿನ ಗುಳಿಗೆಗಳನ್ನು ಒಣಗಿಸಿ ಅಳೆದರು. ಮಳೆಹನಿಯ ಗಾತ್ರದ ಕುರಿತ ಅವರ ಈ ಲೇಖನ 1904ರಲ್ಲಿ ಪ್ರಕಟವಾಯಿತು.

ಅವರ ಮೇಲೆ ಒಂದು ಆರೋಪವೂ ಬಂತು, ಅದನ್ನು ಮರೆಮಾಚಬೇಕಿಲ್ಲ. ಹರಳು ಎದ್ದು ಕಾಣಲೆಂದು ಅವರು ನೆಗೆಟಿವ್‌ನ ಪ್ರತಿ ಮಾಡಿ, ಹರಳಿನ ಸುತ್ತಲಿನ ಲೇಪವನ್ನು ಚಾಕುವಿನಿಂದ ಕೆರೆದು ತೆಗೆಯುತ್ತಿದ್ದರು. ಆಗ ಮುದ್ರಣದಲ್ಲಿ ಹಿನ್ನೆಲೆ ಕಪ್ಪಾಗುತ್ತದೆ. ಜರ್ಮನಿಯ ಹವಾಮಾನ ವಿಜ್ಞಾನಿ ಗುಸ್ತಾಫ್ ಹೆಲ್‌ಮನ್ ಇದನ್ನು ಚಿತ್ರ ತಿದ್ದುವುದೆಂದು ಟೀಕಿಸಿದರು. ಅವರಿಗಾಗಿ ರಿಚರ್ಡ್ ನಾಯ್‌ಹಾಸ್ ತೆಗೆದ ಚಿತ್ರಗಳಲ್ಲಿ ಸೊಟ್ಟ, ಮುರುಕು ಹರಳುಗಳೂ ಇದ್ದವು. ಬೆಂಟ್ಲಿಯವರು ಮೂಲ ನೆಗೆಟಿವ್‌ಗಳನ್ನು ಕೆರೆಯದೆ ಉಳಿಸಿದ್ದರಿಂದ ಮೋಸದ ಮಾತು ನಿಲ್ಲುವುದಿಲ್ಲ. ಆದರೆ ಚೆಂದದ ಹರಳುಗಳನ್ನೇ ಆರಿಸುತ್ತಿದ್ದರೆಂಬುದು ನಿಜ. ಬೀಳುವ ಹಿಮದಲ್ಲಿ ಹೆಚ್ಚಿನವು ಹಾಗಿರುವುದಿಲ್ಲ. ಅವರ ಸಂಗ್ರಹ ನೋಡುವಾಗ ಇದು ನೆನಪಿರಬೇಕು. ಹರಳಿನ ಆಕಾರದಿಂದ ಮೋಡದೊಳಗಿನ ಸ್ಥಿತಿ ತಿಳಿಯಬಹುದೆಂಬ ಅವರ ಊಹೆಯಂತೂ ಸರಿಯಾಗಿತ್ತು. 1936ರಲ್ಲಿ ಜಪಾನಿನ ಉಕಿಚಿರೊ ನಕಾಯ ಪ್ರಯೋಗಾಲಯದಲ್ಲಿ ಹಿಮದ ಹರಳು ಬೆಳೆಸಿ, ಉಷ್ಣತೆ ಮತ್ತು ತೇವಾಂಶಕ್ಕೆ ತಕ್ಕಂತೆ ಆಕಾರ ಬದಲಾಗುವುದನ್ನು ತೋರಿಸಿದರು.

ಅದನ್ನು ನೋಡಲು ಬೆಂಟ್ಲಿಯವರು ಇರಲಿಲ್ಲ. ಅಮೆರಿಕದ ಹವಾಮಾನ ಇಲಾಖೆಯ ಹಂಫ್ರೀಸ್ ಅವರ ಬರಹದೊಂದಿಗೆ 2400ಕ್ಕೂ ಹೆಚ್ಚು ಚಿತ್ರಗಳ ಪುಸ್ತಕ 1931ರಲ್ಲಿ ಹೊರಬಂತು. ಅದೇ ವರ್ಷದ ಕೊನೆಯಲ್ಲಿ ಅವರು ಹಿಮಗಾಳಿಯಲ್ಲಿ ಮೈಲುಗಟ್ಟಲೆ ನಡೆದು ಮನೆ ಸೇರಿದರು. ನ್ಯುಮೋನಿಯಾ ಹಿಡಿಯಿತು. ಡಿಸೆಂಬರ್ 23ರಂದು ಜೆರಿಕೊದ ಅದೇ ಹೊಲಮನೆಯಲ್ಲಿ ತೀರಿಕೊಂಡರು.